‘ಅರಣ್ಯ’ ಶಬ್ದಾರ್ಥವೂ ಸರ್ಕಾರದ ಅರಣ್ಯನೀತಿಯೂ

ಭಾರತದ ಅರಣ್ಯನೀತಿಯು 1894ರಿಂದ ಈಚೆಗೆ ಹೊಂದಿದ ಪರಿಣಾಮವನ್ನು ವಿಚಾರಿಸುವವರು ಸಾಮಾನ್ಯವಾಗಿ ನೆಟ್ಟ ಮರಗಳನ್ನೂ ಕಡಿದ ಮರಗಳನ್ನೂ ಎಣಿಸುವರು. ನೀತಿಪತ್ರಗಳ ಶಬ್ದಗಳನ್ನು ಪರಿಶೀಲಿಸುವವರು ವಿರಳರು. ಆದರೆ ಈ ವಿಷಯದಲ್ಲಿ ಶಬ್ದವೇ ಭೂಮಿಯ ಗತಿಯನ್ನು ನಿರ್ಣಯಿಸಿರುವುದು.

ಕೃಷಿತಜ್ಞನಾದ ವೋಲ್ಕರನ ವರದಿಯ ಬಳಿಕ ಹೊರಟ 1894ರ ನೀತಿಪತ್ರವು ಪ್ರಜಾಹಿತವನ್ನು ಸಾರಿದರೂ, ಬೇಸಾಯಕ್ಕೆ ನೆಲ ಬೇಕಾದೆಡೆ ಕಾಡು ಹಿಂದೆ ಸರಿಯತಕ್ಕದ್ದೆಂಬುದೇ ಅದರ ಸಾಮಾನ್ಯಾಭಿಪ್ರಾಯವು. 1952ರ ನೀತಿಯು ಇದನ್ನೊಪ್ಪದೆ, ದೇಶದ ಮೂರರಲ್ಲೊಂದು ಪಾಲು, ಬೆಟ್ಟಸೀಮೆಗಳಲ್ಲಿ ಶೇಕಡಾ 60, ಬಯಲಿನಲ್ಲಿ ಶೇಕಡಾ 20, ಕಾಡಿರಬೇಕೆಂದು ವಿಧಿಸಿತು. ಆದರೆ ‘ರಾಷ್ಟ್ರಹಿತ’ವನ್ನು ಮುಂದಿಟ್ಟು ಹಳ್ಳಿಗರ ಬಾಧ್ಯತೆಯನ್ನು ಹಿಂದಿಟ್ಟಿತು. 1988ರ ನೀತಿಯಲ್ಲಿ ಪ್ರಕೃತಿಯ ಸಮತೋಲವೇ ಪ್ರಧಾನವಾಗಿ, ನೇರವಾದ ಧನಲಾಭವು ಗೌಣವಾಯಿತು. ಮೂರರಲ್ಲಿ ಇದೇ ಶ್ರೇಷ್ಠವೆಂಬುದರಲ್ಲಿ ಸಂದೇಹವಿಲ್ಲ.

ಶಾಸನಗಳ ವಿಷಯವು ಬೇರೆ. ಅರಣ್ಯಭೂಮಿಯನ್ನು ಅನ್ಯೋಪಯೋಗಕ್ಕೆ ಕೊಡಲು ಕೇಂದ್ರಸರ್ಕಾರದ ಪೂರ್ವಾನುಮತಿ ಬೇಕೆಂದು 1980ರ ಶಾಸನವು ನಿಯಮಿಸಿತು. ‘ಅರಣ್ಯ’ವೆಂದರೇನೆಂದು ಮಾತ್ರ ಹೇಳಲಿಲ್ಲ. 1927ರ ಶಾಸನದಲ್ಲಿಯೂ ಇದೇ ನ್ಯೂನತೆಯುಂಟು. ಲಕ್ಷಣವಿಲ್ಲದೆ ಲಕ್ಷ್ಯವನ್ನು ಕಾಯಹೊರಟದ್ದು ವಿಚಿತ್ರವೇ ಸರಿ. ಕಡೆಗೆ 1996ರ ಡಿಸೆಂಬರ್ 12ರಂದು ಸರ್ವೋಚ್ಚ ನ್ಯಾಯಾಲಯವು ಗೋದವರ್ಮನ್ ಪ್ರಕರಣದಲ್ಲಿ, ಒಡೆತನ ಯಾರದೇ ಆಗಲಿ, ನಿಘಂಟುವಿನ ಅರ್ಥದಲ್ಲಿ ಕಾಡಾದುದೆಲ್ಲವೂ ಶಾಸನಕ್ಕೆ ಒಳಪಟ್ಟುದೆಂದಿತು. ಶಬ್ದಾರ್ಥಜ್ಞಾನಕ್ಕೆ ಕೋಶವೂ ಒಂದು ಸಾಧನವೆಂಬುದು ಶಾಸ್ತ್ರಸಮ್ಮತವೇ. ಆದರೆ ಅರಣ್ಯ, ವಿಪಿನ, ಕಾನನಾದಿಗಳನ್ನು ಒಂದೆಡೆ ಕೂಡಿಸುವ ಅಮರನಂತಹ ಕೋಶಕಾರನು ಪರ್ಯಾಯವನ್ನು ಕೊಡುವನಲ್ಲದೆ ಎಲ್ಲೆಯನ್ನು ಕೊಡುವುದಿಲ್ಲ. ಹೀಗಿದ್ದರೂ ಆ ತೀರ್ಪು ಅನೇಕ ಕಾಡುಗಳಿಗೆ ರಕ್ಷೆಯಾಯಿತು.

2023ರ ತಿದ್ದುಪಡಿಯು ಕೋಶವನ್ನು ಬಿಟ್ಟು ಕಡತವನ್ನು ಪ್ರಮಾಣವಾಗಿ ಹಿಡಿದಿರುವುದು. ಶಾಸನಾನುಸಾರವಾಗಿ ಘೋಷಿತವಾದ, ಇಲ್ಲವೆ 1980ರ ಅಕ್ಟೋಬರ್ 25ರಂದಾಗಲಿ ಅನಂತರವಾಗಲಿ ಸರ್ಕಾರಿ ದಾಖಲೆಯಲ್ಲಿ ಅರಣ್ಯವೆಂದು ಕಂಡ ಭೂಮಿಗೆ ಮಾತ್ರ ಶಾಸನವು ಅನ್ವಯಿಸುವುದು. ದಾಖಲೆಯಲ್ಲಿ ಸೇರದ ಹಳೆಯ ಕಾಡು ಕಾಡಲ್ಲವೆಂದಾದರೆ, ಇದು ನ್ಯಾಯಶಾಸ್ತ್ರಜ್ಞರು ಹೇಳುವ ಅವ್ಯಾಪ್ತಿದೋಷವು. ಇತ್ತ ಅರಣ್ಯಗಳನ್ನು ಅಳೆಯುವ ವರದಿಗಳಲ್ಲಿಯೋ, ಒಂದು ಹೆಕ್ಟೇರಿಗೆ ಕಡಮೆಯಿಲ್ಲದೆ, ಶೇಕಡಾ 10ಕ್ಕೆ ಮೀರಿದ ಮರದ ಹೊದಿಕೆಯಿದ್ದರೆ ಸಾಕು, ಕೊಡಗಿನ ಕಾಫಿತೋಟವೂ ಅರಣ್ಯಾವರಣದ ಎಣಿಕೆಗೆ ಬರುವುದು. ಇದು ಅತಿವ್ಯಾಪ್ತಿ. 2023ರ ವರದಿಯ ಶೇಕಡಾ 21.76 ಎಂಬ ಅಂಕಿಯು ಈ ಕ್ರಮದಿಂದಲೇ ಬಂದುದು. ಎಣಿಸುವಾಗ ಹಿಗ್ಗುವ ಶಬ್ದವು ಕಾಯುವಾಗ ಕುಗ್ಗುವುದು ಆಕಸ್ಮಿಕವೆಂದು ನಂಬುವುದು ಕಷ್ಟ.

ಶಾಸನದ ಹೊಸ ಸಂಸ್ಕೃತನಾಮವೂ ವಿಚಾರಾರ್ಹವು. ‘ಸಂರಕ್ಷಣ’ದೊಡನೆ ‘ಸಂವರ್ಧನ’ವನ್ನು ಸೇರಿಸಿದ್ದಾರೆ. ಇದ್ದುದನ್ನು ಕಾಯುವುದು ಒಂದು, ಇಲ್ಲದುದನ್ನು ಬೆಳೆಸುವುದು ಇನ್ನೊಂದು. ನೆಟ್ಟ ತೋಪು ಉಪವನವಾದೀತು, ಅರಣ್ಯವಾಗದು. ಮೃಗಾಲಯ, ಸಫಾರಿ, ಪ್ರವಾಸಿಗಳ ಸೌಕರ್ಯ ಇವುಗಳನ್ನು ‘ಅರಣ್ಯೇತರ’ ಕಾರ್ಯಗಳ ಪಟ್ಟಿಯಿಂದ ತೆಗೆದಿರುವುದನ್ನು ನೋಡಿದರೆ ವರ್ಧಿಸುವುದು ಯಾವುದೆಂಬ ಪ್ರಶ್ನೆ ಸಹಜ. 2024ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಮಧ್ಯಂತರಾಜ್ಞೆಯಿಂದ, ರಾಜ್ಯಗಳು ದಾಖಲೆಗಳ ಗುರುತಿಸುವಿಕೆಯನ್ನು ಮುಗಿಸುವವರೆಗೆ 1996ರ ನಿಘಂಟುವಿನ ಅರ್ಥವನ್ನೇ ಪಾಲಿಸತಕ್ಕದ್ದೆಂದು ವಿಧಿಸಿತು.