ಪ್ರಶ್ನಾವಳಿ ಮತ್ತು ಪರದೆ: ಮನವೊಲಿಕೆ, ಭಾವ, ದೃಶ್ಯಗ್ರಹಿಕೆಗಳ ವಿದ್ಯಾರ್ಥಿ ಸಂಶೋಧನೆಯಲ್ಲಿ ತೊಗಲುಗೊಂಬೆಯಾಟ

ಜಾನಪದ ಮತ್ತು ಸಂವಹನ ಅಧ್ಯಯನ ವಿಭಾಗಗಳ ವಿದ್ಯಾರ್ಥಿಗಳು ಕಿರುಸಂಶೋಧನೆಗಾಗಿ ಆಯ್ದುಕೊಳ್ಳುವ ವಿಷಯಗಳಲ್ಲಿ ಮೂರು ಪರಿಕಲ್ಪನೆಗಳು ಮತ್ತೆ ಮತ್ತೆ ಎದುರಾಗುತ್ತವೆ: ಮನವೊಲಿಕೆ, ಭಾವ ಮತ್ತು ದೃಶ್ಯಗ್ರಹಿಕೆ. ಜನಪದ ಕಲೆಯೊಂದು ಪ್ರೇಕ್ಷಕನ ಅಭಿಪ್ರಾಯವನ್ನು ಬದಲಿಸುತ್ತದೆಯೇ, ಅವನಲ್ಲಿ ಯಾವ ಭಾವವನ್ನು ಹುಟ್ಟಿಸುತ್ತದೆ, ಅದರ ಚಿತ್ರಭಾಷೆಯನ್ನು ಅವನು ಹೇಗೆ ಓದಿಕೊಳ್ಳುತ್ತಾನೆ ಎಂಬ ಪ್ರಶ್ನೆಗಳು ಸಹಜವಾದವು, ಅಗತ್ಯವಾದವು ಕೂಡ. ಆದರೆ ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಬಳಸುವ ಉಪಕರಣಗಳು ಬೇರೊಂದು ಸಂದರ್ಭದಲ್ಲಿ, ಬೇರೊಂದು ಬಗೆಯ ನೋಡುಗರಿಗಾಗಿ ರೂಪುಗೊಂಡವು ಎಂಬುದು ಅನೇಕ ವೇಳೆ ಮರೆತುಹೋಗುತ್ತದೆ. ಕರ್ನಾಟಕದ ತೊಗಲುಗೊಂಬೆಯಾಟವನ್ನು ನಿದರ್ಶನವಾಗಿಟ್ಟುಕೊಂಡು ಆ ಉಪಕರಣಗಳ ಸಾಧ್ಯತೆ ಮತ್ತು ಮಿತಿಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಯಾವುದೇ ಒಂದು ಪ್ರಬಂಧವನ್ನು ಗುರಿಯಾಗಿಸದೆ, ರೂಢಿಯಲ್ಲಿರುವ ಮಾದರಿಯನ್ನು ಮಾತ್ರ ಇಲ್ಲಿ ಚರ್ಚಿಸಲಾಗಿದೆ.

ಆ ಮಾದರಿಯ ಸ್ವರೂಪ ಹೀಗಿದೆ: ಪ್ರದರ್ಶನದ ತುಣುಕೊಂದನ್ನು ಅಥವಾ ಗೊಂಬೆಗಳ ಛಾಯಾಚಿತ್ರಗಳನ್ನು ಒಂದು ಗುಂಪಿಗೆ ತೋರಿಸಲಾಗುತ್ತದೆ. ಮೊದಲೂ ಅನಂತರವೂ ಪ್ರಶ್ನಾವಳಿ ನೀಡಿ, ಉತ್ತರಗಳನ್ನು ಶೇಕಡಾವಾರು ಕೋಷ್ಟಕಕ್ಕೆ ಇಳಿಸಲಾಗುತ್ತದೆ. ಈ ವಿನ್ಯಾಸದಲ್ಲಿ ಆಟವು ಪ್ರಚೋದಕವಾಗುತ್ತದೆ, ಪ್ರೇಕ್ಷಕನು ಪ್ರತಿಸ್ಪಂದಕನಾಗುತ್ತಾನೆ. ಇವೆರಡರ ನಡುವೆ ಏನು ನಡೆಯುತ್ತದೆ ಎಂಬುದೇ ಜಾನಪದ ವಿದ್ವಾಂಸನ ಮುಖ್ಯ ಕಾಳಜಿ. ಅದೇ ಕೋಷ್ಟಕದಿಂದ ಹೊರಗುಳಿಯುತ್ತದೆ.

ಮೊದಲಿಗೆ ಮನವೊಲಿಕೆಯ ವಿಚಾರ. ಈ ಕ್ಷೇತ್ರದ ಆಧುನಿಕ ಪ್ರಾಯೋಗಿಕ ಅಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲಿ ಯೇಲ್ ವಿಶ್ವವಿದ್ಯಾಲಯದ ಕಾರ್ಲ್ ಹವ್‌ಲ್ಯಾಂಡ್ ಪ್ರಮುಖರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಅಮೆರಿಕದ ಸೈನಿಕರಿಗೆ ತೋರಿಸುತ್ತಿದ್ದ ಚಲನಚಿತ್ರಗಳ ಪರಿಣಾಮವನ್ನು ಅಳೆದರು. ಹೇಳುವವನು, ಸಂದೇಶ, ಕೇಳುವವನು ಎಂಬ ವಿಂಗಡಣೆಯನ್ನು ಅವರು ಮತ್ತು ಸಂಗಡಿಗರು ೧೯೫೩ರ ಗ್ರಂಥದಲ್ಲಿ ವಿಸ್ತರಿಸಿದರು. ಭಾರತದಲ್ಲಿ ೧೯೫೪ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಗೀತ ಮತ್ತು ನಾಟಕ ವಿಭಾಗವು ಕುಟುಂಬ ಯೋಜನೆಯಂತಹ ವಿಷಯಗಳಿಗೆ ಗೊಂಬೆಯಾಟವನ್ನೂ ಬಳಸಿಕೊಂಡಿತು. ೨೦೧೭ರ ಮರುಸಂಘಟನೆಯಲ್ಲಿ ಆ ವಿಭಾಗವು ಇತರ ಪ್ರಚಾರ ಘಟಕಗಳೊಡನೆ ವಿಲೀನಗೊಂಡಿತಾದರೂ, ಕಲೆಯನ್ನು ಸಂದೇಶದ ವಾಹನವೆಂದು ಕಾಣುವ ದೃಷ್ಟಿ ನಮ್ಮ ಪ್ರಬಂಧಗಳಲ್ಲಿ ಉಳಿದುಕೊಂಡಿದೆ.

ಸರ್ಕಾರಿ ಪ್ರಚಾರದ ಪ್ರದರ್ಶನವನ್ನು ಈ ವಿಂಗಡಣೆಯಿಂದ ಅಳೆಯುವುದು ಒಪ್ಪತಕ್ಕದ್ದೇ. ಆದರೆ ಮಳೆಗಾಗಿ ಊರೇ ಕೂಡಿ ಆಡಿಸುವ ಆಟದಲ್ಲಿ ಮನವೊಲಿಸುವವರು ಯಾರು, ಒಲಿಯಬೇಕಾದವರು ಯಾರು? ಅಲ್ಲಿ ಊರಿನವರು ಸಂದೇಶದ ಗುರಿಯಲ್ಲ. ಆಟದ ಕರ್ತೃಗಳಲ್ಲಿ ಅವರೂ ಒಬ್ಬರು. ಒಲಿಸಬೇಕಾಗಿರುವುದು ಮುಗಿಲನ್ನು. ಇನ್ನೂ ಒಂದು ತೊಡಕಿದೆ. ಆಟದ ಹಾಸ್ಯಪಾತ್ರಗಳಾದ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಪರದೆಯ ಮೇಲೆ ಬಂದೊಡನೆ ಗಂಭೀರ ಕಥನಕ್ಕೆ ಪ್ರತಿಮಾತು ಹುಟ್ಟುತ್ತದೆ. ರಾಜನ ಮಾತನ್ನು, ಊರ ಗೌಡನ ನಡೆಯನ್ನು, ಕೆಲವೊಮ್ಮೆ ತಮಗೆ ಒಪ್ಪಿಸಲಾದ ಸಂದೇಶವನ್ನೇ ಅವರು ಲೇವಡಿ ಮಾಡಬಲ್ಲರು. ಪ್ರೇಕ್ಷಕನು ಸಂದೇಶವನ್ನೂ ಅದರ ಅಣಕವನ್ನೂ ಒಟ್ಟಿಗೆ ಪಡೆಯುತ್ತಾನೆ. ‘ಒಪ್ಪುತ್ತೇನೆ’, ‘ಒಪ್ಪುವುದಿಲ್ಲ’ ಎಂಬ ಎರಡು ಮನೆಗಳಲ್ಲಿ ಆ ನಗೆಯನ್ನು ಎಲ್ಲಿ ಬರೆಯಬೇಕು?

ಎರಡನೆಯದು ಭಾವದ ವಿಚಾರ. ಇಲ್ಲಿ ಎರಡು ಆಕರಗಳನ್ನು ಒಂದೇ ಕೋಷ್ಟಕದಲ್ಲಿ ಜೋಡಿಸುವ ಪ್ರವೃತ್ತಿಯಿದೆ. ಒಂದು ಕಡೆ ನಾಟ್ಯಶಾಸ್ತ್ರದ ರಸಗಳು. ಮತ್ತೊಂದು ಕಡೆ ಪಾಲ್ ಎಕ್ಮನ್ ಅವರು ಮುಖಚಹರೆಯ ಆಧಾರದಿಂದ ಗುರುತಿಸಿದ ಮೂಲಭಾವಗಳು: ಸಂತೋಷ, ದುಃಖ, ಭಯ, ಕೋಪ, ಅಚ್ಚರಿ, ಜುಗುಪ್ಸೆ. ಕೋಪಕ್ಕೆ ರೌದ್ರ, ಜುಗುಪ್ಸೆಗೆ ಬೀಭತ್ಸ ಎಂದು ಗೆರೆ ಎಳೆದರೆ ಸಾಮ್ಯ ಸಿದ್ಧವಾದಂತೆ ಕಾಣುತ್ತದೆ. ಆದರೆ ಎಕ್ಮನ್ ಹೇಳುವುದು ವ್ಯಕ್ತಿಯ ಮುಖದಲ್ಲಿ ಮೂಡುವ ಭಾವವನ್ನು ಕುರಿತು. ರಸವಾದರೋ ಆ ಭಾವವು ರಂಗದ ಮೇಲೆ ವಿಭಾವ, ಅನುಭಾವ, ಸಂಚಾರಿಗಳ ಸಂಯೋಗದಿಂದ ಸಹೃದಯನ ಆಸ್ವಾದಕ್ಕೆ ಬರುವ ಸ್ಥಿತಿ. ಕರುಣರಸವನ್ನು ಸವಿದವನಿಗೆ ‘ನಿಮಗೆ ದುಃಖವಾಯಿತೇ’ ಎಂದು ಕೇಳುವುದು ಪ್ರಶ್ನೆಯನ್ನೇ ತಪ್ಪಾಗಿ ಇಟ್ಟಂತೆ.

ಇದಕ್ಕಿಂತ ಮೂಲಭೂತವಾದ ಅಡಚಣೆ ಗೊಂಬೆಯ ಮುಖದಲ್ಲಿಯೇ ಇದೆ. ಚರ್ಮದಲ್ಲಿ ಒಮ್ಮೆ ಕೊರೆದು ಬಣ್ಣ ಹಾಕಿದ ಸೀತೆಯ ಮುಖ ಮದುವೆಯಲ್ಲಿಯೂ ಅಶೋಕವನದಲ್ಲಿಯೂ ಅದೇ ಚಹರೆಯಲ್ಲಿರುತ್ತದೆ. ಸಂದರ್ಭಕ್ಕೆ ತಕ್ಕ ಬೇರೆ ಗೊಂಬೆಯನ್ನು ಬಳಸಿದರೂ ಒಂದು ಗೊಂಬೆಯೊಳಗೆ ಚಹರೆ ಚಲಿಸುವುದಿಲ್ಲ. ಭಾವ ಹುಟ್ಟುವುದು ಗೊಂಬೆಯನ್ನು ಪರದೆಗೆ ಒತ್ತುವ, ಸರಿಸುವ, ನಡುಗಿಸುವ ಕೈಯಿಂದ, ಮೇಳದ ಹೆಂಗಸರ ಹಾಡಿನಿಂದ, ಮದ್ದಳೆಯ ಗತಿಯಿಂದ. ಆದ್ದರಿಂದ ಗೊಂಬೆಯ ಛಾಯಾಚಿತ್ರ ತೋರಿಸಿ ‘ಇದರಲ್ಲಿ ಯಾವ ಭಾವವಿದೆ’ ಎಂದು ಕೇಳುವ ವಿದ್ಯಾರ್ಥಿಯು ಆಟವನ್ನು ಕುರಿತು ಏನನ್ನೂ ಕೇಳಿದಂತಾಗುವುದಿಲ್ಲ.

ಇಷ್ಟರಿಂದ ಪ್ರಾಯೋಗಿಕ ಮನೋವಿಜ್ಞಾನವನ್ನೇ ತಳ್ಳಿಹಾಕಬೇಕೆಂದಲ್ಲ. ಫ್ರಿಟ್ಸ್ ಹೈಡರ್ ಮತ್ತು ಮೇರಿಯನ್ ಸಿಮೆಲ್ ೧೯೪೪ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಹೆಚ್ಚು ಉಪಯುಕ್ತ. ಎರಡು ತ್ರಿಕೋನಗಳೂ ಒಂದು ವೃತ್ತವೂ ಚಲಿಸುವ ಕಿರುಚಿತ್ರವನ್ನು ಅವರು ಕಾಲೇಜು ವಿದ್ಯಾರ್ಥಿನಿಯರಿಗೆ ತೋರಿಸಿದರು. ಕಂಡುದನ್ನು ಬರೆಯಿರಿ ಎಂದಷ್ಟೇ ಕೇಳಿದ ಮೊದಲ ಗುಂಪಿನ ೩೪ ಮಂದಿಯಲ್ಲಿ ಒಬ್ಬರ ಹೊರತು ಉಳಿದವರೆಲ್ಲರೂ ಆ ಆಕೃತಿಗಳನ್ನು ಜೀವಿಗಳೆಂದೇ ವಿವರಿಸಿದರು. ಮುಖವಿಲ್ಲದ ಆಕೃತಿಗೆ ಬರಿಯ ಚಲನೆಯೇ ಉದ್ದೇಶವನ್ನೂ ಭಾವವನ್ನೂ ಕೊಡಬಲ್ಲದು ಎಂಬ ಈ ಅರಿವು ಗೊಂಬೆಯಾಟಕ್ಕೆ ಎಕ್ಮನ್ನರ ಛಾಯಾಚಿತ್ರಗಳಿಗಿಂತ ಹತ್ತಿರವಾದುದು. ಉಪಕರಣದ ಆಯ್ಕೆ ಕಲೆಯ ಸ್ವಭಾವದಿಂದ ಹೊರಡಬೇಕು ಎಂಬುದಕ್ಕೆ ಇದೊಂದು ನಿದರ್ಶನ.

ಮೂರನೆಯದಾದ ದೃಶ್ಯಗ್ರಹಿಕೆಯಲ್ಲಿ ತಪ್ಪಿನ ಪರಿಣಾಮ ಇನ್ನೂ ಗಂಭೀರ. ೧೯೬೦ರಲ್ಲಿ ವಿಲಿಯಂ ಹಡ್ಸನ್ ದಕ್ಷಿಣ ಆಫ್ರಿಕದ ಗಣಿಕಾರ್ಮಿಕರು ಮತ್ತು ಶಾಲಾಮಕ್ಕಳನ್ನೊಳಗೊಂಡ ಅಧ್ಯಯನವೊಂದನ್ನು ಪ್ರಕಟಿಸಿದರು. ಬೇಟೆಗಾರ, ಜಿಂಕೆ ಮತ್ತು ಆನೆ ಇರುವ ಚಿತ್ರಗಳನ್ನು ತೋರಿಸಿ, ಬೇಟೆಗಾರನಿಗೆ ಹತ್ತಿರವಿರುವ ಪ್ರಾಣಿ ಯಾವುದೆಂದು ಕೇಳಲಾಯಿತು. ದೂರದಲ್ಲಿರುವುದರಿಂದಲೇ ಚಿಕ್ಕದಾಗಿ ಬರೆದಿದ್ದ ಆನೆಯನ್ನು ಹತ್ತಿರದ್ದೆಂದು ಹೇಳಿದವರನ್ನು ಚಿತ್ರದ ಆಳವನ್ನು ಕಾಣಲಾರದವರೆಂದು ವರ್ಗೀಕರಿಸಲಾಯಿತು. ಯೂರೋಪಿನ ಯಥಾದರ್ಶನ ಪದ್ಧತಿಯೊಂದನ್ನು ಎಲ್ಲ ಕಣ್ಣುಗಳಿಗೂ ಅಳತೆಗೋಲಾಗಿಸಿದ್ದು ಆ ವಿಧಾನದ ಮುಖ್ಯ ದೋಷ.

ತೊಗಲುಗೊಂಬೆಯ ಪರದೆಯಲ್ಲಿ ಗಾತ್ರದ ಅರ್ಥ ಬೇರೆ. ದೇವತೆಗಳು ಮತ್ತು ರಾಜರು ದೊಡ್ಡವರು. ಸೇವಕರು, ಸಾಮಾನ್ಯರು ಚಿಕ್ಕವರು. ಇಲ್ಲಿ ಗಾತ್ರವು ಸ್ಥಾನಮಾನದ ಸೂಚಕವೇ ಹೊರತು ದೂರದ ಸೂಚಕವಲ್ಲ. ಹಲವು ಪಾತ್ರಗಳನ್ನೂ ಮರ, ಮಂಟಪಗಳನ್ನೂ ಒಂದೇ ಚರ್ಮದಲ್ಲಿ ಕೊರೆದ ದೃಶ್ಯಗೊಂಬೆಗಳು ಕರ್ನಾಟಕದ ಪರಂಪರೆಯಲ್ಲಿವೆ. ಈ ಚಿತ್ರಭಾಷೆಯಲ್ಲಿ ಪಳಗಿದ ಪ್ರೇಕ್ಷಕನು ಹಡ್ಸನ್ ಮಾದರಿಯ ಪರೀಕ್ಷೆಯಲ್ಲಿ ‘ತಪ್ಪಿದರೆ’, ಅದು ಅವನ ಕೊರತೆಯೋ ಪರೀಕ್ಷೆಯ ಕೊರತೆಯೋ? ‘ಗ್ರಾಮೀಣರ ದೃಶ್ಯಸಾಕ್ಷರತೆ ಕಡಿಮೆ’ ಎಂಬ ತೀರ್ಮಾನವನ್ನು ಈ ಪ್ರಶ್ನೆಗೆ ಉತ್ತರಿಸದೆ ಬರೆಯುವಂತಿಲ್ಲ. ಬೆಳಕಿನ ವಿಚಾರವೂ ಅಷ್ಟೇ ಮುಖ್ಯ. ಎಣ್ಣೆದೀಪದ ಜ್ವಾಲೆ ಅಲುಗಿದಂತೆ ಗೊಂಬೆಯ ಬಣ್ಣವೂ ಅಲುಗುತ್ತದೆ. ವಿದ್ಯುದ್ದೀಪದಲ್ಲಿ ಆ ಅಲುಗಾಟವಿಲ್ಲ. ಯಾವ ಬೆಳಕಿನಲ್ಲಿ ನೋಡಿದ ಆಟ ಎಂಬುದನ್ನು ದಾಖಲಿಸದ ಅಧ್ಯಯನವು ಯಾವ ಗ್ರಹಿಕೆಯನ್ನು ಅಳೆದಿದೆ ಎಂದು ಹೇಳುವುದು ಕಷ್ಟ.

ಈ ಮೂರೂ ದೋಷಗಳಿಗೆ ಸಮಾನವಾದ ಒಂದು ಮೂಲವಿದೆ. ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು ೨೦೧೦ರಲ್ಲಿ, ಮನೋವಿಜ್ಞಾನದ ತೀರ್ಮಾನಗಳು ಬಹುಪಾಲು ಪಾಶ್ಚಾತ್ಯ, ಸುಶಿಕ್ಷಿತ, ಸಂಪನ್ನ ಸಮಾಜಗಳ ಜನರ ಮೇಲೆ, ಅದರಲ್ಲೂ ಕಾಲೇಜು ವಿದ್ಯಾರ್ಥಿಗಳ ಮೇಲೆ ನಿಂತಿವೆಯೆಂದು ವಿಮರ್ಶಿಸಿದರು. ನಮ್ಮ ವಿದ್ಯಾರ್ಥಿಯು ವಸತಿನಿಲಯದ ಸಹಪಾಠಿಗಳಿಗೆ ಗೊಂಬೆಯಾಟದ ವಿಡಿಯೊ ತೋರಿಸಿ ‘ಜನಪದ ಪ್ರೇಕ್ಷಕ’ರ ಬಗ್ಗೆ ಬರೆದರೆ ಅದೇ ದೋಷ ಕನ್ನಡದಲ್ಲಿ ಮರುಹುಟ್ಟು ಪಡೆಯುತ್ತದೆ.

ಇದು ಕೇವಲ ವಿಧಾನದ ಚರ್ಚೆಯಲ್ಲ. ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ೨೦೨೫ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರ ವಯಸ್ಸು ತೊಂಬತ್ತನ್ನು ಮೀರಿತ್ತು. ಗಾಂಧೀಜಿಯವರ ಬದುಕನ್ನೂ ಪರದೆಗೆ ತಂದ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ೨೦೨೩ರಲ್ಲಿ ನಿಧನರಾದರು. ಇಂಥವರ ಸ್ಮೃತಿಯಲ್ಲಿರುವ ಜ್ಞಾನವನ್ನು ಕೇಳಿ ಬರೆದುಕೊಳ್ಳುವ ಅವಧಿ ಕಿರಿದಾಗುತ್ತಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ ೨೦೨೨ರ ನಿಯಮಗಳಲ್ಲಿ ಎಂ.ಫಿಲ್. ಪದವಿಯನ್ನು ಕೈಬಿಡಲಾಗಿದೆ. ಕ್ಷೇತ್ರಕಾರ್ಯದ ಮೊದಲ ಅಭ್ಯಾಸದ ಹೊಣೆ ಈಗ ಹೆಚ್ಚಾಗಿ ಸ್ನಾತಕೋತ್ತರ ಹಂತದ ಕಿರುಸಂಶೋಧನೆಯ ಮೇಲೆಯೇ ಬಿದ್ದಿದೆ. ಆ ಅಲ್ಪಾವಧಿಯು ಪ್ರಶ್ನಾವಳಿ ಹಂಚುವುದರಲ್ಲೇ ಕಳೆದುಹೋದರೆ ನಷ್ಟ ತುಂಬಲಾರದ್ದು.

ಆದ್ದರಿಂದ ಮಾರ್ಗದರ್ಶಕರ ಪರಿಶೀಲನೆಗೆ ಕೆಲವು ಸೂಚನೆಗಳು. ಅಧ್ಯಯನದ ಘಟಕವು ಗೊಂಬೆಯ ಚಿತ್ರವಾಗಿರದೆ ಇಡೀ ಆಟವಾಗಿರಲಿ: ಯಾರು ಆಡಿಸಿದರು, ಏಕೆ, ಯಾವ ಬೆಳಕಿನಲ್ಲಿ, ಎಷ್ಟು ಹೊತ್ತು. ನಗೆ, ಮೌನ, ಎದ್ದುಹೋಗುವಿಕೆ, ಕಾಣಿಕೆ ಹಾಕುವಿಕೆಗಳನ್ನು ಸಮಯಸಹಿತ ದಾಖಲಿಸಲಿ; ಇವು ಪ್ರಶ್ನಾವಳಿಗಿಂತ ಮೊದಲಿನ ಉತ್ತರಗಳು. ಕಲಾವಿದರು ಮನೆಯಲ್ಲಿ ಆಡುವ ಮರಾಠಿಮಿಶ್ರಿತ ಮಾತಿನಲ್ಲಿ ಗೊಂಬೆ, ಬಣ್ಣ, ಚಲನೆಗಳಿಗೆ ಬಳಸುವ ಪದಗಳನ್ನು ಸಂಗ್ರಹಿಸಲಿ, ಏಕೆಂದರೆ ನೋಟದ ಸಿದ್ಧಾಂತ ಆ ಪದಗಳಲ್ಲಿ ಅಡಗಿರಬಹುದು. ಪ್ರಶ್ನಾವಳಿಯನ್ನು ಇವೆಲ್ಲವುಗಳ ಅನಂತರ, ಇವುಗಳಿಂದಲೇ ರೂಪಿಸಲಿ. ಹಾಗೆ ರೂಪುಗೊಂಡ ಇಪ್ಪತ್ತು ಪುಟಗಳ ಒಂದು ಕಿರುಪ್ರಬಂಧವು ಕೋಷ್ಟಕಗಳಿಂದ ತುಂಬಿದ ಇನ್ನೂರು ಪುಟಗಳಿಗಿಂತ ಮುಂದಿನ ಸಂಶೋಧಕರಿಗೆ ಹೆಚ್ಚು ನೆರವಾಗುತ್ತದೆ.