ಕಾರು ಬರೆಯುವ ಗದ್ಯ

ಸಾಹಿತ್ಯಕ್ಕೆ ಮೀಸಲಾದ ಈ ಪುಟದಲ್ಲಿ ಮೋಟಾರು ಕಾರಿನ ಮಾತೇಕೆ ಎಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಯಂತ್ರಶಾಸ್ತ್ರ ನನ್ನ ಕ್ಷೇತ್ರವಲ್ಲ. ಆದರೆ ಇಂದಿನ ಕಾರಿನ ಜೊತೆಯಲ್ಲಿ ಎರಡು ಗದ್ಯಗ್ರಂಥಗಳು ಹುಟ್ಟುತ್ತಿವೆ. ಒಂದು, ಕೊಂಡವನು ಓದಿ ಒಪ್ಪಿದ್ದಾನೆಂದು ಲೆಕ್ಕ ಹಿಡಿಯುವ, ಆದರೆ ಅವನು ಓದದ ಗ್ರಂಥ. ಇನ್ನೊಂದು, ಅವನನ್ನೇ ಕುರಿತು ದಿನದಿನವೂ ಬರೆಯುತ್ತ ಹೋಗುವ, ಆದರೆ ಅವನ ಕಣ್ಣಿಗೆ ಬೀಳದ ಗ್ರಂಥ. ಗ್ರಂಥವೆಂದ ಮೇಲೆ ವಿಮರ್ಶಕನಿಗೆ ಅಲ್ಲಿ ಕೆಲಸವುಂಟು. ಅದರಲ್ಲಿಯೂ ಮೊದಲನೆಯದು ಇನ್ನು ಕೆಲವೇ ದಿನಗಳಲ್ಲಿ ಕನ್ನಡಕ್ಕೂ ಬರಲಿದೆ. ಬರುವ ಮುನ್ನವೇ ಅದರ ಗುಣದೋಷಗಳನ್ನು ತೂಗಿ ನೋಡುವುದು ಒಳ್ಳೆಯದು.

ಮೊದಲು ವಸ್ತುಸ್ಥಿತಿ. ಹಿಂದಿನ ಕಾರಿನಲ್ಲಿ ಎಂಜಿನ್ನು, ಗೇರು, ಬ್ರೇಕುಗಳು ತಮ್ಮ ತಮ್ಮ ಕೆಲಸ ಮಾಡಿ ಸುಮ್ಮನಿರುತ್ತಿದ್ದವು. ಈಗಿನ ಕಾರಿನಲ್ಲಿ ಅವು ಮಾಡಿದ್ದನ್ನು ಹೇಳಿಯೂ ಹೇಳುತ್ತವೆ. ವೇಗವೆಷ್ಟು, ಬ್ರೇಕನ್ನು ಎಷ್ಟು ಜೋರಾಗಿ ತುಳಿಯಲಾಯಿತು, ಬಾಗಿಲು ಯಾವಾಗ ತೆರೆಯಿತು, ಯಾವ ಸೀಟಿನವರು ಬೆಲ್ಟು ಹಾಕಿಕೊಂಡಿದ್ದಾರೆ, ಇವೆಲ್ಲವನ್ನೂ ಅರಿಯುವ ಸೆನ್ಸರುಗಳಿವೆ. ಉಪಗ್ರಹದ ನೆರವಿನಿಂದ ಕಾರಿಗೆ ತಾನಿರುವ ಜಾಗ ಗೊತ್ತು. ಫೋನನ್ನು ಅದಕ್ಕೆ ಜೋಡಿಸಿದರೆ ನಮ್ಮ ಬಂಧುಮಿತ್ರರ ಹೆಸರು, ನಂಬರುಗಳೂ ಅದರ ಪಾಲಾಗಬಹುದು. ಚಾಲಕ ತೂಕಡಿಸುತ್ತಿದ್ದಾನೆಯೇ ಎಂದು ಅವನ ಮುಖವನ್ನೇ ನೋಡುತ್ತಿರುವ ಕ್ಯಾಮೆರಾ ಕೆಲವು ಕಾರುಗಳಲ್ಲಿದೆ. ಕಾರಿನೊಳಗೇ ಕುಳಿತ ಒಂದು ಸಿಮ್ ಕಾರ್ಡು ಈ ವರ್ತಮಾನವನ್ನು ಕಂಪನಿಯ ಕಂಪ್ಯೂಟರುಗಳಿಗೆ ಮುಟ್ಟಿಸುತ್ತದೆ. ನಮ್ಮ ದೇಶದಲ್ಲಿ 2019ರಲ್ಲಿ ಹ್ಯುಂಡೈ ವೆನ್ಯೂ, ಎಂ.ಜಿ. ಹೆಕ್ಟರ್ ಕಾರುಗಳು ಬಂದಾಗ ಇಂಟರ್ನೆಟ್ಟಿನ ಈ ನಂಟನ್ನೇ ಹೆಗ್ಗಳಿಕೆಯೆಂದು ಜಾಹೀರಾತಿನಲ್ಲಿ ಸಾರಿದ್ದು ಅನೇಕರಿಗೆ ನೆನಪಿರಬಹುದು.

ಇಷ್ಟೆಲ್ಲಕ್ಕೂ ಕಂಪನಿ ನಮ್ಮ ಅನುಮತಿ ಪಡೆಯುವ ಸಾಧನವೇ ನಾನು ಹೇಳಿದ ಮೊದಲನೆಯ ಗ್ರಂಥ. ಇದನ್ನು ಕನ್ನಡದಲ್ಲಿ 'ಗೌಪ್ಯತಾ ನೀತಿ' ಎಂದು ಕರೆಯುವ ರೂಢಿ ಬಿದ್ದಿದೆ. 2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೊಜಿಲ್ಲಾ ಫೌಂಡೇಷನ್ 25 ಬ್ರಾಂಡುಗಳ ಕಾರುಗಳನ್ನು ಈ ದೃಷ್ಟಿಯಿಂದ ಪರೀಕ್ಷಿಸಿ ಫಲಿತಾಂಶ ಪ್ರಕಟಿಸಿತು. ಇಪ್ಪತ್ತೈದಕ್ಕೆ ಇಪ್ಪತ್ತೈದೂ ಅನುತ್ತೀರ್ಣ! ತಾವು ಅದುವರೆಗೆ ಪರೀಕ್ಷಿಸಿದ ಎಲ್ಲ ಬಗೆಯ ಸರಕುಗಳಲ್ಲಿ ಕಾರುಗಳೇ ಅತ್ಯಂತ ಕಳಪೆ ಎಂದು ಪರೀಕ್ಷಕರು ತೀರ್ಪಿತ್ತರು. ಜನರ ವಿವರಗಳನ್ನು ಇತರರೊಡನೆ ಹಂಚಿಕೊಳ್ಳುವ ಅಥವಾ ಮಾರುವ ಬ್ರಾಂಡುಗಳು ಶೇಕಡ 84. ಮಾರಲು ನಮಗೆ ಅಧಿಕಾರವಿದೆಯೆಂದು ಹೇಳಿಕೊಂಡವು ಶೇಕಡ 76. ನಿಸ್ಸಾನ್ ಮತ್ತು ಕಿಯಾ ಕಂಪನಿಗಳು ಅಮೆರಿಕದಲ್ಲಿ ಹೊರಡಿಸಿದ್ದ ಪತ್ರಗಳಲ್ಲಿ, ತಾವು ಸಂಗ್ರಹಿಸಬಹುದಾದ ವಿಷಯಗಳ ಸಾಲಿನಲ್ಲಿ ಮನುಷ್ಯರ ಲೈಂಗಿಕ ಜೀವನವೂ ಸೇರಿತ್ತು. ಸುಬಾರು ಕಂಪನಿಯ ಪತ್ರದ ಪ್ರಕಾರ, ಕಾರಿನಲ್ಲಿ ಸುಮ್ಮನೆ ಕುಳಿತು ಪ್ರಯಾಣ ಮಾಡುವವನೂ 'ಬಳಕೆದಾರ'ನೇ. ಅವನೂ ಒಪ್ಪಿದವರ ಲೆಕ್ಕಕ್ಕೆ ಸೇರುತ್ತಾನೆಂದು ಪರೀಕ್ಷಕರು ಎತ್ತಿ ತೋರಿಸಿದರು.

ಗದ್ಯದ ದೃಷ್ಟಿಯಿಂದ ಈ ಪ್ರಕಾರದ ಲಕ್ಷಣಗಳೇನು? ನಾನು ಇಂಥ ಕೆಲವು ಪತ್ರಗಳನ್ನು ಪಠ್ಯಪುಸ್ತಕ ಓದುವ ನಿಷ್ಠೆಯಿಂದಲೇ ಓದಿದ್ದೇನೆ. ಮೊದಲನೆಯ ಲಕ್ಷಣ, ಕ್ರಿಯಾಪದದ ಚಾತುರ್ಯ. 'ಸಂಗ್ರಹಿಸುತ್ತೇವೆ' ಎನ್ನಬೇಕಾದಲ್ಲಿ 'ಸಂಗ್ರಹಿಸಬಹುದು' ಎಂದಿರುತ್ತದೆ. ನಮ್ಮ ವ್ಯಾಕರಣದಲ್ಲಿ 'ಬಹುದು' ಎಂಬುದಕ್ಕೆ ಎರಡು ಅರ್ಥಗಳುಂಟು: ಒಂದು ಸಂಭಾವನೆ, ಇನ್ನೊಂದು ಅಪ್ಪಣೆ. 'ನಾಳೆ ಮಳೆ ಬರಬಹುದು' ಎನ್ನುವುದು ಬೇರೆ, 'ನೀವಿನ್ನು ಹೋಗಬಹುದು' ಎನ್ನುವುದು ಬೇರೆ. ಈ ಪತ್ರಗಳು ಸಂಭಾವನೆಯ ದನಿಯಲ್ಲಿ ಮಾತಾಡಿ ಅಪ್ಪಣೆಯನ್ನು ಪಡೆದುಕೊಳ್ಳುತ್ತವೆ. ಎರಡನೆಯ ಲಕ್ಷಣ, ಮುಗಿಯದ ಪಟ್ಟಿ. 'ಇವೂ ಸೇರಿದಂತೆ, ಆದರೆ ಇವಿಷ್ಟಕ್ಕೇ ಸೀಮಿತವಲ್ಲದೆ' ಎಂಬ ಧಾಟಿಯಲ್ಲಿ ಪಟ್ಟಿ ಮೊದಲಾದರೆ ಅದರೊಳಗೆ ಸೇರದ ವಸ್ತು ಲೋಕದಲ್ಲಿಲ್ಲ. ಮೂರನೆಯದು, ಕರ್ತೃವಿನ ಕಣ್ಮರೆ. ವಿವರಗಳು 'ಹಂಚಿಕೆಯಾಗುತ್ತವೆ'. ಹಂಚಿದವರು ಯಾರು, ಪಡೆದವರು ಯಾರು? ವಾಕ್ಯದಲ್ಲಿ ಅವರಿಗೆ ಸ್ಥಾನವಿಲ್ಲ. 'ಪಾಲುದಾರರು', 'ಸಂಬಂಧಿತ ಸಂಸ್ಥೆಗಳು' ಎಂಬ ನೆರಳುಗಳಷ್ಟೆ.

ಕೆಟ್ಟ ಗದ್ಯವೆಲ್ಲವೂ ಬರೆಯಲು ಬಾರದವರಿಂದ ಹುಟ್ಟುವುದಿಲ್ಲ. ಇದು ಬಲ್ಲವರೇ ಬುದ್ಧಿಪೂರ್ವಕವಾಗಿ ಬರೆದ ಗದ್ಯ. ಇದಕ್ಕೆ ಓದುಗ ಬೇಕಿಲ್ಲ, ಒಪ್ಪುವವನು ಸಾಕು. ಮುಂದೆ ನ್ಯಾಯಾಲಯದಲ್ಲಿ ಎದುರುವಾದಿಯಾಗಬಹುದಾದವನಿಗೆ ಇವತ್ತೇ ಕೊಟ್ಟ ಉತ್ತರ ಇದು ಎಂದರೆ ಹೆಚ್ಚಾಗದು.

ಇನ್ನು ಎರಡನೆಯ ಗ್ರಂಥಕ್ಕೆ ಬರೋಣ. 2024ರ ಮಾರ್ಚ್ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಒಂದು ಸಂಗತಿಯನ್ನು ಬಯಲಿಗೆ ತಂದಿತು. ಅಮೆರಿಕದ ಸಿಯಾಟಲ್ ನಗರದ ಕಡೆ ಶೆವರ್ಲೆ ಬೋಲ್ಟ್ ಕಾರು ಓಡಿಸುತ್ತಿದ್ದವರೊಬ್ಬರ ವಿಮೆಯ ಕಂತು ಶೇಕಡ 21ರಷ್ಟು ಏರಿತು. ಅವರು ಅಪಘಾತ ಮಾಡಿದವರಲ್ಲ. ಕಾರಣ ಹುಡುಕುತ್ತ ಹೋದಾಗ ಲೆಕ್ಸಿಸ್‌ನೆಕ್ಸಿಸ್ ಎಂಬ ಮಾಹಿತಿ ವ್ಯಾಪಾರದ ಸಂಸ್ಥೆಯಿಂದ 258 ಪುಟಗಳ ವರದಿಯೊಂದು ಅವರ ಕೈಗೆ ಬಂತು. ಹಿಂದಿನ ಆರು ತಿಂಗಳಲ್ಲಿ ಅವರೂ ಅವರ ಪತ್ನಿಯೂ ಕೈಕೊಂಡ 640 ಪ್ರಯಾಣಗಳು ಅದರಲ್ಲಿದ್ದವು: ಹೊರಟ ಹೊತ್ತು, ಮುಟ್ಟಿದ ಹೊತ್ತು, ಕ್ರಮಿಸಿದ ದೂರ, ಮಿತಿಮೀರಿದ ವೇಗ, ಜೋರಾಗಿ ತುಳಿದ ಬ್ರೇಕು. ವಿವರಗಳನ್ನು ಒದಗಿಸಿದ್ದು ಕಾರು ತಯಾರಿಸಿದ ಜನರಲ್ ಮೋಟಾರ್ಸ್ ಕಂಪನಿ. ಚಾಲಕರು ಒಳ್ಳೆಯ ಅಭ್ಯಾಸ ಕಲಿಯಲೆಂದು ಹೇಳಿ ಅದು 'ಸ್ಮಾರ್ಟ್ ಡ್ರೈವರ್' ಎಂಬ ಯೋಜನೆಯನ್ನು ನಡೆಸುತ್ತಿತ್ತು.

258 ಪುಟವೆಂದರೆ ಒಂದು ಕಾದಂಬರಿಯ ಗಾತ್ರ. ತನಗರಿಯದಂತೆ ಆ ಮನುಷ್ಯ ಒಂದು ಕಾದಂಬರಿಯ ನಾಯಕನಾಗಿದ್ದ. ಆದರೆ ಎಂಥ ಕಾದಂಬರಿ! ಅದರಲ್ಲಿ ಕ್ರಿಯೆಗಳಿವೆ, ಸಂದರ್ಭವಿಲ್ಲ. ಬ್ರೇಕು ಹಾಕಿದ್ದುಂಟು, ಚೆಂಡಿನ ಹಿಂದೆ ರಸ್ತೆಗೆ ಓಡಿಬಂದ ಮಗುವಿಲ್ಲ. ನಡುರಾತ್ರಿ ಹೊರಟದ್ದುಂಟು, ಆಸ್ಪತ್ರೆಯಲ್ಲಿ ಮಲಗಿದ ತಾಯಿಯಿಲ್ಲ. ಸಂದರ್ಭ ಬಿಟ್ಟು ಪದ್ಯದ ಅರ್ಥ ಹೇಳುವ ವಿದ್ಯಾರ್ಥಿಗೆ ನಾವು ಅಂಕ ಕೊಡುವುದಿಲ್ಲ. ಇಲ್ಲಿಯಾದರೋ ಸಂದರ್ಭ ಕಳಚಿದ ವಾಕ್ಯಗಳಿಂದಲೇ ಮನುಷ್ಯನ ಗುಣಕ್ಕೆ ಅಂಕ ಬೀಳುತ್ತದೆ, ಆ ಅಂಕದ ಮೇಲೆ ವಿಮೆಯ ದರ ನಿಲ್ಲುತ್ತದೆ. ಸುದ್ದಿ ಹೊರಬಿದ್ದ ಕೆಲವೇ ದಿನಗಳಲ್ಲಿ ಕಂಪನಿ ಈ ಹಂಚಿಕೆಯನ್ನು ನಿಲ್ಲಿಸಿತು. 2025ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಕೆಲವು ವಾಹನಗಳ ಜಾಗವನ್ನು ಮೂರು ಸೆಕೆಂಡಿಗೊಮ್ಮೆ ದಾಖಲಿಸಲಾಗುತ್ತಿತ್ತು, ಜನರನ್ನು ದಾರಿತಪ್ಪಿಸುವ ರೀತಿಯಲ್ಲಿ ಯೋಜನೆಗೆ ಸೇರಿಸಿಕೊಳ್ಳಲಾಗಿತ್ತು ಎಂದು ಆರೋಪಿಸಿತು. ಇಂಥ ವಿವರಗಳನ್ನು ಐದು ವರ್ಷ ಅಂಥ ವರದಿ ಸಂಸ್ಥೆಗಳಿಗೆ ಕೊಡಬಾರದೆಂಬ ಒಪ್ಪಂದದ ಕರಡನ್ನೂ ಪ್ರಕಟಿಸಿತು.

ನಮ್ಮ ಕಾವ್ಯಗಳಲ್ಲಿ ರಥವಿದೆ, ರಥಕ್ಕೊಬ್ಬ ಸಾರಥಿಯಿದ್ದಾನೆ. ಕುಮಾರವ್ಯಾಸನ ಉತ್ತರಕುಮಾರನನ್ನು ಅರಿಯದ ಕನ್ನಡಿಗರಾರು? ಹೆಂಗಸರ ಮುಂದೆ ಕೊಚ್ಚಿಕೊಂಡವನು ಕೌರವರ ಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡಿದ. ಅದನ್ನು ಹತ್ತಿರದಿಂದ ನೋಡಿದವಳು ಸಾರಥಿ ಬೃಹನ್ನಳೆ. ಆದರೆ ಅವನ ಪುಕ್ಕಲುತನವನ್ನು ವಿರಾಟನ ಊರಿಗೆ ಬಂದು ಡಂಗುರ ಹೊಡೆಯಲಿಲ್ಲ. ಗೆಲುವನ್ನು ಕೂಡ ಅವನ ಹೆಸರಿಗೇ ಬಿಡಲು ಸಿದ್ಧಳಿದ್ದಳು. ರಥದಲ್ಲಿ ಕಂಡದ್ದು ರಥದಲ್ಲಿಯೇ ಉಳಿಯಬೇಕೆಂಬ ಒಂದು ಮರ್ಯಾದೆ ಅಲ್ಲಿದೆ. ಇಂದಿನ ಕಾರು ತಾನೇ ಅರ್ಧ ಸಾರಥಿ. ಅದರಿಂದ ಈ ಮರ್ಯಾದೆಯನ್ನು ನಿರೀಕ್ಷಿಸುವುದು ಅತಿಯಾಸೆಯೇ?

ಕಂಪನಿ ಏನನ್ನೂ ಮಾರುವುದಿಲ್ಲವೆಂದೇ ಇಟ್ಟುಕೊಳ್ಳೋಣ. ಕೂಡಿಟ್ಟದ್ದು ಸೋರದೆ ಇರುವುದೆಂಬ ಭರವಸೆ ಎಲ್ಲಿದೆ? ಫೋಕ್ಸ್‌ವಾಗನ್ ಸಮೂಹದ ಸುಮಾರು 8 ಲಕ್ಷ ವಿದ್ಯುತ್ ಕಾರುಗಳ ವಿವರಗಳು ತಿಂಗಳುಗಟ್ಟಲೆ ಸರಿಯಾದ ಕಾವಲಿಲ್ಲದೆ ಬಿದ್ದಿದ್ದವೆಂದು 2024ರ ಡಿಸೆಂಬರಿನಲ್ಲಿ ಜರ್ಮನಿಯ ಡೆರ್ ಸ್ಪೀಗೆಲ್ ಪತ್ರಿಕೆ ವರದಿ ಮಾಡಿತು. ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ಕಾರುಗಳು ಎಲ್ಲೆಲ್ಲಿ ನಿಂತಿದ್ದವೆಂಬುದು ಸ್ಪಷ್ಟವಾಗಿ ತಿಳಿಯುವಂತಿತ್ತು. ಟೆಸ್ಲಾ ಕಾರುಗಳ ಕ್ಯಾಮೆರಾ ಹಿಡಿದ ದೃಶ್ಯಗಳನ್ನು 2019ರಿಂದ 2022ರವರೆಗೆ ಕಂಪನಿಯ ಕೆಲವು ನೌಕರರು ತಮ್ಮತಮ್ಮಲ್ಲೇ ಹಂಚಿಕೊಂಡು ನೋಡಿದರೆಂದು ಮಾಜಿ ನೌಕರರು ಹೇಳಿದ್ದನ್ನು ರಾಯ್ಟರ್ಸ್ ಸಂಸ್ಥೆ 2023ರಲ್ಲಿ ಪ್ರಕಟಿಸಿತು. ಊರ ಬಾವಿಯ ಬಳಿ ಆಡುವ ಮಾತು ಊರಿಗಷ್ಟೇ ಹಬ್ಬುತ್ತಿತ್ತು. ಇದಕ್ಕೆ ಎಲ್ಲೆಯೇ ಇಲ್ಲ.

ಪ್ರತಿವಾದವೂ ಉಂಟು, ಅದನ್ನು ತಳ್ಳಿಹಾಕಲಾಗದು. ಅಪಘಾತವಾದಾಗ ಕಾರು ತಾನಿರುವ ಜಾಗ ತಿಳಿಸಿದರೆ ಜೀವ ಉಳಿಯುತ್ತದೆ. ಕಳುವಾದ ಕಾರು ಸಿಕ್ಕುತ್ತದೆ. ನಿಜ. ಆದರೆ ಇದಕ್ಕಾಗಿ ಹಗಲಿರುಳೂ ಬೆನ್ನಹಿಂದೆ ಬೀಳಬೇಕೇ? ಯೂರೋಪ್ ಒಕ್ಕೂಟದಲ್ಲಿ 2018ರ ಮಾರ್ಚ್ 31ರಿಂದ ಹೊಸ ಮಾದರಿಯ ಕಾರುಗಳಿಗೆಲ್ಲ 'ಇ-ಕಾಲ್' ಎಂಬ ವ್ಯವಸ್ಥೆ ಕಡ್ಡಾಯವಾಯಿತು. ಅದು ಸಾಮಾನ್ಯವಾಗಿ ನಿದ್ದೆಯಲ್ಲಿರುತ್ತದೆ. ಭಾರಿ ಅಪಘಾತವಾದಾಗ, ಇಲ್ಲವೇ ಯಾರಾದರೂ ಗುಂಡಿ ಒತ್ತಿದಾಗ ಮಾತ್ರ ಎದ್ದು, ಜಾಗ, ಹೊತ್ತು, ಹೊರಟ ದಿಕ್ಕು, ಕಾರಿನ ಗುರುತು ಮುಂತಾದ ಅಗತ್ಯದ ನಾಲ್ಕಾರು ವಿವರಗಳನ್ನು ತುರ್ತು ಸಹಾಯದವರಿಗೆ ತಿಳಿಸುತ್ತದೆ. ಜೀವ ಉಳಿಸಲು ಇಷ್ಟು ಸಾಕೆಂದ ಮೇಲೆ ಉಳಿದ ಸಂಗ್ರಹಕ್ಕೆ ರಕ್ಷಣೆಯ ಹೆಸರು ಸಲ್ಲದು.

ಈಗ ನಮ್ಮ ನಾಡಿನ ಮಾತು. 1962ರಲ್ಲಿ ಖರಕ್ ಸಿಂಗ್ ಎಂಬವರ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಉತ್ತರ ಪ್ರದೇಶದ ಪೋಲೀಸರು ಅವರ ಓಡಾಟವನ್ನು ಗಮನಿಸುತ್ತ, ರಾತ್ರಿ ಮನೆ ಬಾಗಿಲು ತಟ್ಟುತ್ತ ಇದ್ದರು. ರಾತ್ರಿಯ ಭೇಟಿ ತಪ್ಪೆಂದ ನ್ಯಾಯಾಲಯ, ಓಡಾಟದ ಮೇಲೆ ಕಣ್ಣಿಡುವುದನ್ನು ಬಹುಮತದಿಂದ ಎತ್ತಿಹಿಡಿಯಿತು. ನ್ಯಾಯಮೂರ್ತಿ ಸುಬ್ಬರಾವ್ ಮಾತ್ರ ಭಿನ್ನಮತ ಬರೆದರು. ನ್ಯಾಯಮೂರ್ತಿ ಷಾ ಅವರ ಜೊತೆಗಿದ್ದರು. ನೆರಳಿನಂತೆ ಹಿಂಬಾಲಿಸಲ್ಪಡುವವನು, ಕಾಲಿಗೆ ಸಂಕೋಲೆ ಇಲ್ಲದಿದ್ದರೂ, ಸ್ವತಂತ್ರನಲ್ಲ ಎಂಬುದು ಅವರ ವಾದದ ತಿರುಳು. ಐವತ್ತೈದು ವರ್ಷಗಳ ತರುವಾಯ, 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರು ಮರೆಯಬಾರದ ಸಂಗತಿ. ಅಂದು ಒಬ್ಬನ ಹಿಂದೆ ಒಬ್ಬ ಪೋಲೀಸಿನವನು ನಡೆಯಬೇಕಿತ್ತು. ಇಂದು ಹಿಂಬಾಲಿಸುವ ಕೆಲಸವನ್ನು ನಾವು ಸಾಲ ಮಾಡಿ ಕೊಂಡ ಕಾರೇ ಮಾಡುತ್ತದೆ.

ಈ ಹಕ್ಕನ್ನು ಕಂಪನಿಗಳ ಮೇಲೂ ಊರ್ಜಿತಗೊಳಿಸಲು 2023ರಲ್ಲಿ ಒಂದು ಕಾಯಿದೆ ಬಂತು. 2025ರ ನವೆಂಬರಿನಲ್ಲಿ ಅದರ ನಿಯಮಗಳು ಹೊರಬಿದ್ದವು; ಮುಖ್ಯ ವಿಧಿಗಳ ಜಾರಿಗೆ 18 ತಿಂಗಳ ಅವಕಾಶವಿಟ್ಟರು. ಒಪ್ಪಿಗೆ ಎಂಬುದು ಸ್ವತಂತ್ರವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು; ಕೇಳುವ ಭಾಷೆ ಸ್ಪಷ್ಟವೂ ಸರಳವೂ ಆಗಿರಬೇಕು ಎಂದು ಕಾಯಿದೆ ವಿಧಿಸುತ್ತದೆ. ಇಂಗ್ಲಿಷಿನಲ್ಲಾಗಲಿ, ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳ ಪೈಕಿ ಯಾವುದರಲ್ಲಾಗಲಿ ತಿಳಿವಳಿಕೆ ಪತ್ರವನ್ನು ಓದುವ ಅವಕಾಶ ಜನರಿಗಿರಬೇಕು ಎಂದೂ ಹೇಳುತ್ತದೆ. ಆ ಇಪ್ಪತ್ತೆರಡರಲ್ಲಿ ಕನ್ನಡವೂ ಒಂದು. ಇಲ್ಲಿಗೆ ಈ ವಿಷಯ ಕನ್ನಡ ಬರೆಯುವವರೆಲ್ಲರ ಅಂಗಳಕ್ಕೆ ಬಂದಂತಾಯಿತು.

ಬರಲಿರುವ ಕನ್ನಡ ಎಂಥದು? ನನಗೆ ಭಯವಿದೆ. 'ದತ್ತಾಂಶ' ಎಂಬ ಪದವನ್ನೇ ನೋಡಿ. ದತ್ತ ಎಂದರೆ ಕೊಟ್ಟದ್ದು. ಕಾರಿನ ವಿಷಯದಲ್ಲಿ ನಾವು ಕೊಟ್ಟದ್ದೆಷ್ಟು, ಅವರು ತೆಗೆದುಕೊಂಡದ್ದೆಷ್ಟು? 'ಗೌಪ್ಯತೆ' ಎಂಬ ಮಾತೂ ನನಗೆ ಹಿಡಿಸದು. ಗುಪ್ ಧಾತುವಿಗೆ ಕಾಪಾಡು ಎಂಬ ಅರ್ಥವಿರುವುದು ನಿಜ. ಬಳಕೆಯಲ್ಲಾದರೋ ಗೌಪ್ಯವೆಂದರೆ ಬಚ್ಚಿಡತಕ್ಕ ಸಂಗತಿ. ಆ ಪದ ಬಂದೊಡನೆ, 'ನನ್ನಲ್ಲಿ ಬಚ್ಚಿಡುವಂಥದ್ದೇನಿದೆ, ನೋಡಿಕೊಳ್ಳಲಿ' ಎಂದು ಸಜ್ಜನರು ಸುಮ್ಮನಾಗುತ್ತಾರೆ. ಬಚ್ಚಿಡುವುದು ಬೇರೆ, ಬಾಗಿಲು ಹಾಕಿಕೊಳ್ಳುವುದು ಬೇರೆ. ಊಟಕ್ಕೆ ಕುಳಿತ ಮನೆಯವರು ಕದ ಮುಚ್ಚಿದರೆ ಒಳಗೆ ಕಳ್ಳ ಮಾಲಿದೆಯೆಂದು ಯಾರೂ ತಿಳಿಯುವುದಿಲ್ಲ. ಆದುದರಿಂದ 'ಖಾಸಗಿತನ' ಎಂಬ, ಜನದ ಬಾಯಲ್ಲಿ ಪಳಗಿದ ಮಾತೇ ಮೇಲೆಂದು ನನ್ನ ಮತ.

ಇನ್ನೊಂದು ಮಾತು. ನಮ್ಮಲ್ಲಿ ಕಾರಿನ ಧಣಿ ಒಬ್ಬ, ಓಡಿಸುವವನು ಇನ್ನೊಬ್ಬ. 'ಒಪ್ಪಿದೆ' ಎಂಬ ಗುಂಡಿ ಒತ್ತಿದವರು ಧಣಿ. ಬ್ರೇಕು ತುಳಿದ ಕಾಲು, ಕ್ಯಾಮೆರಾ ನೋಡುವ ಮುಖ ಡ್ರೈವರನದು. ಅವನನ್ನು ಕೇಳಿದವರು ಯಾರು? ಕನ್ನಡದ ಪತ್ರ ಮುಖ್ಯವಾಗಿ ಬೇಕಾಗಿರುವುದು ಅವನಿಗೆ. ಕಂಪನಿಗಳಿಗೆ ನಾನು ಸೂಚಿಸುವ ಪರೀಕ್ಷೆ ಸುಲಭವಾದದ್ದು: ಪತ್ರವನ್ನು ಬಾಡಿಗೆ ಕಾರಿನ ಡ್ರೈವರೊಬ್ಬನ ಮುಂದೆ ಗಟ್ಟಿಯಾಗಿ ಓದಿ, ಏನು ತಿಳಿಯಿತೆಂದು ಕೇಳುವುದು. ಯಾವುದನ್ನು ತೆಗೆದುಕೊಳ್ಳುತ್ತಾರೆ, ಯಾರಿಗೆ ಕೊಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಬೇಡವೆಂದರೆ ಏನಾಗುತ್ತದೆ, ಈ ನಾಲ್ಕಕ್ಕೆ ಅವನು ಉತ್ತರ ಹೇಳಿದರೆ ಗದ್ಯ ಉತ್ತೀರ್ಣ. ಹೇಳದಿದ್ದರೆ ತಿರುಗಿ ಬರೆಯಬೇಕು.

ಈ ಪತ್ರಗಳ ಅನುವಾದವನ್ನು ಕಡಿಮೆ ದರಕ್ಕೆ ಯಂತ್ರಕ್ಕೊಪ್ಪಿಸಿ ಕೈತೊಳೆದುಕೊಳ್ಳುವುದು ಬಲು ಸುಲಭ. ಕನ್ನಡ ಅಭಿವೃದ್ಧಿ ಪ್ರಾಧಿಕಾರವೂ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳೂ ಮೊದಲೇ ಎಚ್ಚೆತ್ತು ಒಂದು ಮಾದರಿ ಪತ್ರವನ್ನು ಸಿದ್ಧಪಡಿಸಬೇಕು. ಕಥೆ, ಕವಿತೆಗಳ ಭಾಷೆಯನ್ನು ಕುರಿತು ನಾವು ಸಾಕಷ್ಟು ಜಗಳವಾಡಿದ್ದೇವೆ. ಸಾಮಾನ್ಯ ಮನುಷ್ಯನ ಕೈಯಿಂದ ಒಪ್ಪಿಗೆ ಬರೆಸಿಕೊಳ್ಳುವ ಭಾಷೆಗಾಗಿಯೂ ಒಂದಿಷ್ಟು ಜಗಳವಾಡುವ ಕಾಲ ಬಂದಿದೆ.