ಅಡ್ಜಸ್ಟ್ ಮಾಡ್ಕಳಿ: ಮೂವರ ಸೀಟಿನ ಕ್ರಿಯಾಪದ

‘ಅಡ್ಜಸ್ಟ್’ ಇಂಗ್ಲಿಷಿನಲ್ಲಿ ಹೆಚ್ಚಾಗಿ ಸಕರ್ಮಕ ಕ್ರಿಯಾಪದ. ಕಾರಿನ ಕನ್ನಡಿ, ಕುರ್ಚಿಯ ಎತ್ತರ, ಗಡಿಯಾರದ ಮುಳ್ಳು, ಕೊರಳಿನ ಟೈ ಇಂಥವನ್ನು ಚೂರು ತಿರುಗಿಸಿ, ಏರಿಸಿ ಇಳಿಸಿ ಹದಕ್ಕೆ ತರುವುದು ಅದರ ಮುಖ್ಯ ಅರ್ಥ. ಕತ್ತಲೆಗೆ ಕಣ್ಣು, ಹೊಸ ಊರಿಗೆ ಮನಸ್ಸು ಒಗ್ಗುವುದು ಎರಡನೆಯದು. ಅಲ್ಲಿ ಅದು ಅಕರ್ಮಕವಾಗಿ, ‘ಟು’ ಎಂಬ ಪ್ರಿಪೊಸಿಷನ್ನನ್ನು ಜೊತೆಗಿಟ್ಟುಕೊಂಡು ಬರುತ್ತದೆ. ವಿಮೆಯವರು ನಷ್ಟದ ಲೆಕ್ಕ ತೀರಿಸುವುದು, ಖಾತೆಯಲ್ಲಿ ಒಂದು ಬಾಬ್ತನ್ನು ಇನ್ನೊಂದಕ್ಕೆ ಹೊಂದಿಸುವುದು ಮೂರನೆಯದು. ಪಕ್ಕದವರಿಗೆ ಜಾಗ ಬಿಟ್ಟುಕೊಡುವ ಮಾತು ಈ ಮೂರರಲ್ಲೂ ಇಲ್ಲ. ಲಂಡನ್ನಿನ ರೈಲಿನಲ್ಲಿ ಯಾರಾದರೂ ಬರೀ ‘ಅಡ್ಜಸ್ಟ್ ಪ್ಲೀಸ್’ ಎಂದರೆ ಕೂತವರು ‘ಏನನ್ನು?’ ಎಂದು ಕೇಳಿಯಾರು. ತುಮಕೂರು ಬಸ್ ನಿಲ್ದಾಣದಲ್ಲಿ ಆ ಪ್ರಶ್ನೆ ಹುಟ್ಟುವುದಿಲ್ಲ. ಮಾತು ಮುಗಿಯುವಷ್ಟರಲ್ಲಿ ಕೂತವರು ಸರಿದಾಗಿರುತ್ತದೆ.

ಕೆಂಪು ಬಸ್ಸಿನಲ್ಲಿ ಒಂದು ಕಡೆ ಇಬ್ಬರ ಸೀಟು, ಇನ್ನೊಂದು ಕಡೆ ಮೂವರದು. ಮೂವರ ಸೀಟಿನ ತುದಿಗೆ ನಾಲ್ಕನೆಯವರು ಬಂದು ನಿಂತಾಗ ಈ ಕ್ರಿಯಾಪದ ಬಾಯಿಗೆ ಬರುತ್ತದೆ. ತುಮಕೂರಿನಿಂದ ಗುಬ್ಬಿಗೆ ಹೋಗುವವರಿಗೆ ಅರ್ಧ ಗಂಟೆಯ ಪಯಣ, ಕುಣಿಗಲ್ಲಿಗೆ ಗಂಟೆಯ ಆಸುಪಾಸು. ಅರಸೀಕೆರೆ ಕಡೆಯಿಂದ ಬರುವ ರೈಲಿನ ಜನರಲ್ ಬೋಗಿ ತಿಪಟೂರಿನಲ್ಲೇ ತುಂಬಿರುತ್ತದೆ. ಗುಬ್ಬಿಯಲ್ಲಿ ಹತ್ತುವವರ ಕೈಯಲ್ಲಿ ಪಾಸು ಇರಬಹುದು, ಸೀಟಿನ ಹಕ್ಕು ಇರುವುದಿಲ್ಲ. ಇರುವುದು ಈ ಒಂದು ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಂಗಸರ ಪ್ರಯಾಣ ಉಚಿತವಾದ ಮೇಲೆ ಬಸ್ಸುಗಳಲ್ಲಿ ಅದು ಇನ್ನಷ್ಟು ಕಿವಿಗೆ ಬೀಳುತ್ತದೆ. ಪುಸ್ತಕದ ‘ಅಡ್ಜಸ್ಟ್ ಮಾಡಿಕೊಳ್ಳಿ’ ಇಲ್ಲಿ ‘ಅಡ್ಜೆಸ್ಟ್ ಮಾಡ್ಕಳಿ’. ಕುಣಿಗಲ್ ಕಡೆಗೆ ಹೋದಂತೆ ಅದರ ಮುಂದೆ ‘ಸ್ವಲ್ಪ’ ಎಂಬರ್ಥದ ‘ಒಸಿ’ ಸೇರಿಕೊಳ್ಳುತ್ತದೆ. ಈ ‘ಒಸಿ’ಯ ಕೆಲಸ ದೊಡ್ಡದು. ಕೇಳುತ್ತಿರುವುದು ಸೀಟಿನ ಕಾಲು ಭಾಗವನ್ನೇ ಆದರೂ ಅದು ಅಂಗೈಯಗಲದಂತೆ ಕೇಳಿಸುತ್ತದೆ.

ಈ ಮಾತಿನ ಅರ್ಧ ಭಾಗ ಮಾತ್ರ ಇಂಗ್ಲಿಷ್. ಹೊರಗಿನ ಧಾತುಗಳನ್ನು ಒಳಗೆ ಕರೆದುಕೊಳ್ಳಲು ಕನ್ನಡಕ್ಕೆ ಹಳೆಯ ದಾರಿಗಳಿವೆ. ಸಂಸ್ಕೃತದ್ದಕ್ಕೆ ‘ಇಸು’ ಹತ್ತುತ್ತದೆ: ಭಾವಿಸು, ಯೋಚಿಸು. ಹದಿಮೂರನೆಯ ಶತಮಾನದ ಕೇಶಿರಾಜನೇ ಶಬ್ದಮಣಿದರ್ಪಣದಲ್ಲಿ ಇದನ್ನು ಹೇಳಿದ್ದಾನೆ. ಉರ್ದು, ಮರಾಠಿಗಳ ಕಡೆಯಿಂದ ಬಂದವು ಎರಡು ಬಗೆಯಾಗಿ ಹೊಂದಿಕೊಂಡವು: ‘ಬದಲಾಯಿಸು’ ಎಂಬುದೂ ಉಂಟು, ‘ವಸೂಲಿ ಮಾಡು’ ಎಂಬುದೂ ಉಂಟು. ಇಂಗ್ಲಿಷಿಗೆ ‘ಇಸು’ ಹಚ್ಚುವುದು ‘ಲೈಕಿಸಿ’ ಎಂಬಂಥ ತಮಾಷೆಗೆ ಮಾತ್ರ. ಉಳಿದಂತೆ ಅದಕ್ಕೆ ಮಾಡು, ಆಗು ಎಂಬ ಎರಡು ಊರುಗೋಲು ಬೇಕೇ ಬೇಕು. 1837ರಲ್ಲಿ ಗುಬ್ಬಿಯಲ್ಲಿ ನೆಲೆಯೂರಿದ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್, ಕನ್ನಡ ಕಲಿಯುವ ಇಂಗ್ಲಿಷರಿಗೆಂದು 1859ರಲ್ಲಿ ಒಂದು ವ್ಯಾಕರಣ ಪ್ರಕಟಿಸಿದರು. ಅಂದು ಇಂಗ್ಲಿಷರು ಕನ್ನಡದ ಕ್ರಿಯಾಪದಗಳನ್ನು ಬಾಯಿಪಾಠ ಮಾಡುತ್ತಿದ್ದ ಊರಿನಲ್ಲಿ ಇಂದು ಅವರ ಕ್ರಿಯಾಪದಕ್ಕೇ ಕನ್ನಡದ ಪಾಠವಾಗಿದೆ.

ಆ ಪಾಠ ಸಣ್ಣದಲ್ಲ. ಮಾಡು, ಮಾಡಿಕೊ, ಆಗು ಎಂಬ ಮೂರು ಬಾಲಗಳು ಒಂದು ಇಂಗ್ಲಿಷ್ ಪದವನ್ನು ಮೂರು ಕ್ರಿಯಾಪದಗಳನ್ನಾಗಿ ಸೀಳಿವೆ. ‘ಹತ್ತು ಸಾವಿರ ಅಡ್ಜಸ್ಟ್ ಮಾಡಿ’ ಎಂದರೆ ಕೈಗಡ ಕೊಡಿ ಎಂದು ಅರ್ಥ; ಇಲ್ಲಿ ಕೇಳಿಸಿಕೊಂಡವನು ಹೊಂಚಬೇಕು, ಕೇಳಿದವನು ಪಡೆಯುತ್ತಾನೆ. ‘ಹತ್ತು ಸಾವಿರಕ್ಕೇ ಅಡ್ಜಸ್ಟ್ ಮಾಡ್ಕಳಿ’ ಎಂದರೆ ಬರಬೇಕಾದ್ದು ಹೆಚ್ಚಿದ್ದರೂ ಇಷ್ಟರಲ್ಲೇ ಸುಮ್ಮನಾಗಿ ಎಂದು. ‘ಅಡ್ಜಸ್ಟ್ ಆಗುತ್ತೆ ಬಿಡಿ’ ಎಂದರೆ ಯಾರೂ ಏನೂ ಮಾಡಬೇಕಿಲ್ಲ, ದಿನ ಕಳೆದಂತೆ ಅಭ್ಯಾಸವಾಗುತ್ತದೆ ಎಂದು. ಮೊದಲನೆಯದರಲ್ಲಿ ಕೊಡುಗೆ, ಎರಡನೆಯದರಲ್ಲಿ ನಷ್ಟ, ಮೂರನೆಯದರಲ್ಲಿ ಕಾಲ. ‘ಕೊಳ್ಳು’ ಎಂಬ ಸಹಾಯಕ ಕ್ರಿಯೆಯನ್ನು ವ್ಯಾಕರಣಗಳು ಆತ್ಮಾರ್ಥಕ ಎನ್ನುತ್ತವೆ. ಕೆಲಸದ ಫಲ ಮಾಡಿದವನಿಗೇ ಸೇರಬೇಕು. ಅಡಿಗೆ ಮಾಡಿಕೊಂಡವನು ಉಣ್ಣುತ್ತಾನೆ, ಮನೆ ಕಟ್ಟಿಕೊಂಡವನು ಇರುತ್ತಾನೆ. ಅಡ್ಜಸ್ಟ್ ಮಾಡಿಕೊಂಡವನಿಗೆ ಸಿಗುವುದೇನು? ಒತ್ತಿಕೊಂಡ ಮಂಡಿ. ಫಲ ತುದಿಯಲ್ಲಿ ಕೂತವನದು. ಕೊಡುವವನಿಗೇ ‘ಕೊಳ್ಳಿ’ ಎಂದು ಹೇಳಿಸುವ ಈ ವ್ಯಾಕರಣದ ಚಮತ್ಕಾರ ಇಂಗ್ಲಿಷಿನಿಂದ ಬಂದದ್ದಲ್ಲ, ಅಪ್ಪಟ ಕನ್ನಡದ್ದು.

ಪದದ ಹುಟ್ಟನ್ನು ಕೆದಕಿದರೆ ಬಸ್ಸಿನವರ ಪ್ರಯೋಗಕ್ಕೆ ಅನಿರೀಕ್ಷಿತವಾಗಿ ಬೆಂಬಲ ಸಿಗುತ್ತದೆ. ಲ್ಯಾಟಿನ್ನಿನಲ್ಲಿ ‘ಯುಕ್ಸ್‌ತಾ’ ಎಂದರೆ ಹತ್ತಿರ, ಪಕ್ಕ. ಅದರ ಮುಂದೆ ‘ಆಡ್’ ಸೇರಿ ಹತ್ತಿರಕ್ಕೆ ತರು, ಒತ್ತಟ್ಟಿಗೆ ಕೂಡಿಸು ಎಂಬ ಕ್ರಿಯಾಪದವಾಯಿತು. ನಮ್ಮ ಯೋಗ, ಯುಕ್ತ ಶಬ್ದಗಳೂ ಇದೇ ಬಳಗದವು. ಮುಂದೆ ಫ್ರೆಂಚಿನಲ್ಲಿ ಜನ ಅದನ್ನು ನ್ಯಾಯ, ಸರಿ ಎಂಬರ್ಥದ ‘ಯುಸ್ತುಸ್’ ಜೊತೆ ತಳಕು ಹಾಕಿದರು. ಹದಿನೇಳನೆಯ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂದದ್ದು ‘ಸರಿಪಡಿಸು’ ಎಂಬ ಅರ್ಥ. ಅಂದರೆ ‘ಸರಿ’ ಎಂಬುದು ನಡುವೆ ಅಂಟಿಕೊಂಡ ತಪ್ಪು, ‘ಪಕ್ಕಕ್ಕೆ ತರು’ ಎಂಬುದು ಮೂಲ. ಶಾಲೆಯ ಪದಪಟ್ಟಿಗಳು ಬರೆಸುವ ‘ಸರಿಹೊಂದಿಸು’ ಇಂಗ್ಲಿಷಿಗೆ ನಿಷ್ಠವಾದ ಅನುವಾದ; ಕುಣಿಗಲ್ ಬಸ್ಸಿನ ಬಳಕೆ ತನಗೇ ಗೊತ್ತಿಲ್ಲದೆ ಲ್ಯಾಟಿನ್ನಿಗೆ ನಿಷ್ಠ.

ಈ ಪದ ಬರುವ ಮುಂಚೆ ಇಲ್ಲಿನವರು ಮೂಕರಾಗಿರಲಿಲ್ಲ. ಸೀಟಿನಲ್ಲಿ ‘ಸರ್ಕಳಿ’, ‘ಒತ್ತರಿಸ್ಕಳಿ’ ಎನ್ನುತ್ತಿದ್ದರು. ಕಡಿಮೆ ಬಂದ ವರ್ಷ ಸಂಸಾರವನ್ನು ‘ತೂಗಿಸು’ತ್ತಿದ್ದರು. ಹೆಚ್ಚಿದ ನೆಂಟರನ್ನು, ಕಡಿಮೆಬಿದ್ದ ಅಡಿಗೆಯನ್ನು ‘ಸುಧಾರಿಸು’ತ್ತಿದ್ದರು. ಅಡಿಕೆ ಮಂಡಿಯಲ್ಲಿ ಮುಂಗಡದ ಬಾಕಿಯನ್ನು ಮಾಲಿನ ದುಡ್ಡಿನಲ್ಲಿ ‘ಮುರ್ಕಳಿ’ ಎನ್ನುತ್ತಿದ್ದರು. ಹೊಸ ನೀರಿಗೆ ಮೈ ‘ಒಗ್ಗು’ತ್ತಿತ್ತು. ಮದುವೆಯಾಗಿ ಹೋಗುವ ಹುಡುಗಿಗೆ ‘ಅನುಸರಿಸ್ಕಂಡು ಹೋಗು’ ಎಂದು ಬುದ್ಧಿ ಹೇಳುತ್ತಿದ್ದರು. ಇವೆಲ್ಲ ಇಂದಿಗೂ ಬದುಕಿವೆ, ಆದರೆ ಒಂದೊಂದರ ಜಾಗಕ್ಕೂ ಅಡ್ಜಸ್ಟ್ ಬಂದು ಕೂತಿದೆ. ಈ ಹಳೆಯ ಕ್ರಿಯಾಪದಗಳು ಒರಟಾಗಿದ್ದರೂ ಪ್ರಾಮಾಣಿಕ. ‘ಸರಿ’ಯಲ್ಲಿ ಮೈ ಕದಲಬೇಕೆಂದು ಗೊತ್ತು, ‘ಮುರಿ’ಯಲ್ಲಿ ಕೈಗೆ ಬರುವುದು ಕಡಿಮೆಯಾಗುತ್ತದೆಂದು ಗೊತ್ತು, ‘ಅನುಸರಿಸು’ವಲ್ಲಿ ಮುಂದೆ ನಡೆಯುವವರು ಬೇರೆ, ಹಿಂದೆ ನಡೆಯುವವರು ಬೇರೆ ಎಂಬುದು ಶಬ್ದದಲ್ಲೇ ಇದೆ. ಅಡ್ಜಸ್ಟ್ ಈ ವಿವರವನ್ನೆಲ್ಲ ಒರೆಸಿ ಹಾಕುತ್ತದೆ.

ಒರೆಸುವುದು ಎಲ್ಲ ಕಡೆ ದೋಷವಲ್ಲ. ಅಪರಿಚಿತ ಹೆಂಗಸಿಗೆ ‘ಜರುಗಿ’ ಎನ್ನಲು ಹಿಂಜರಿಯುವವನು ‘ಅಡ್ಜಸ್ಟ್ ಮಾಡ್ಕಳಿ’ ಎನ್ನಲು ಹಿಂಜರಿಯುವುದಿಲ್ಲ. ಪದದಲ್ಲಿ ಮೈಯ ಸುಳಿವಿಲ್ಲ, ಅಪ್ಪಣೆಯ ಬಿಸಿಯಿಲ್ಲ. ಪರಕೀಯ ಪದದ ಈ ತಟಸ್ಥತೆಯೇ ಅದನ್ನು ಗೆಲ್ಲಿಸಿರುವುದು. ಇಬ್ಬರಿಗೆ ಸೇರಬೇಕಾದ ಚಿಲ್ಲರೆಗೆ ಒಂದೇ ನೋಟು ಕೊಟ್ಟು ‘ಇಳಿದು ಅಡ್ಜಸ್ಟ್ ಮಾಡ್ಕಳಿ’ ಎನ್ನುವ ಕಂಡಕ್ಟರ್, ಗುರುತಿಲ್ಲದ ಇಬ್ಬರನ್ನು ಚಹಾದಂಗಡಿಯವರೆಗೆ ಜೊತೆಗಾರರನ್ನಾಗಿ ಮಾಡುತ್ತಾನೆ. ಇಂಥಲ್ಲಿ ನಷ್ಟ ಸಣ್ಣದು, ಹೊತ್ತು ಕಡಿಮೆ, ಸರದಿ ಬದಲಾಗುವಂಥದು: ಇಂದು ಸರಿದವನು ನಾಳೆ ನಾಲ್ಕನೆಯವನು. ಅಷ್ಟರ ಮಟ್ಟಿಗೆ ಈ ಪ್ರಯೋಗವನ್ನು ಕೆಟ್ಟ ಕನ್ನಡವೆಂದು ತಿದ್ದಲು ಹೊರಡುವವರದ್ದೇ ತಪ್ಪು.

ಸರದಿ ಬದಲಾಗದ ಕಡೆ ಪದ ಕೆಡುತ್ತದೆ. ಮೇಷ್ಟ್ರಿಲ್ಲದ ತರಗತಿಗೆ ಇನ್ನೊಬ್ಬರನ್ನು ಕಳಿಸುವ ‘ಅಡ್ಜಸ್ಟ್‌ಮೆಂಟ್ ಪೀರಿಯಡ್’ ಒಂದು ದಿನದ್ದಾದರೆ ಸರಿ. ವರ್ಷವಿಡೀ ನಡೆದರೆ ಮೇಷ್ಟ್ರಿಲ್ಲವೆಂಬ ಸತ್ಯವೇ ಮುಚ್ಚಿಹೋಗುತ್ತದೆ. ಸೊಸೆಗೆ ‘ಅಡ್ಜಸ್ಟ್ ಮಾಡ್ಕೊ’ ಎನ್ನುವವರು ಮಗನಿಗೆ ಅದನ್ನೇ ಹೇಳುವುದು ಅಪರೂಪ. ಹಳೆಯ ‘ಅನುಸರಿಸು’ ಕಟುವಾಗಿದ್ದರೂ ಯಾರು ಯಾರನ್ನು ಎಂದು ಕೇಳಲು ಎಡೆಯಿತ್ತು. ಹೊಸ ಪದ ಇಬ್ಬರೂ ಸರಿಯುತ್ತಿದ್ದಾರೆಂಬ ಭ್ರಮೆ ಹುಟ್ಟಿಸುತ್ತದೆ. ಇದರ ತೀರಾ ಕರಾಳ ಬಳಕೆ ದಾಖಲಾಗಿರುವುದು ಪಕ್ಕದ ಕೇರಳದಲ್ಲಿ: 2024ರ ಆಗಸ್ಟಿನಲ್ಲಿ ಹೊರಬಂದ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿಯಲ್ಲಿ, ಮಲಯಾಳಂ ಚಿತ್ರರಂಗದ ಹೆಂಗಸರ ಮೇಲೆ ಲೈಂಗಿಕ ಒತ್ತಾಯ ಹೇರಲು ಬಳಸುವ ಸಂಕೇತಪದಗಳಲ್ಲಿ ‘ಅಡ್ಜಸ್ಟ್‌ಮೆಂಟ್’ ಕೂಡ ಒಂದು. ಕರ್ನಾಟಕದ ಚುನಾವಣಾ ಮಾತಿನಲ್ಲಿ ‘ಅಡ್ಜಸ್ಟ್‌ಮೆಂಟ್ ರಾಜಕಾರಣ’ ಎಂದರೆ ಎದುರಾಳಿಗಳ ಒಳ ಒಪ್ಪಂದ. ಪತ್ರಿಕೆಗಳು ಅದನ್ನು ‘ಹೊಂದಾಣಿಕೆ ರಾಜಕಾರಣ’ ಎಂದು ಕನ್ನಡಿಸಿ, ಪಾಪದ ಹೊಂದಾಣಿಕೆಗೂ ಮಸಿ ಬಳಿದಿವೆ. ಕ್ರಿಯಾಪದವಾಗಿದ್ದಾಗ ವಿನಂತಿಯಾಗಿದ್ದದ್ದು ನಾಮಪದವಾದೊಡನೆ ಗುಟ್ಟಿನ ವ್ಯವಹಾರವಾಗುವುದು ಗಮನಿಸತಕ್ಕದ್ದು.

ಹೀಗಿರುವಾಗ ಇಂಗ್ಲಿಷ್ ಪದದ ಎದುರು ‘ಸರಿಹೊಂದಿಸು’ ಎಂದಷ್ಟೇ ಬರೆದು ಮುಂದೆ ಹೋಗುವ ಪದಪಟ್ಟಿಯಿಂದ ಕೆಲಸ ನಡೆಯದು. ಅಡ್ಜಸ್ಟ್ ಮಾಡು, ಅಡ್ಜಸ್ಟ್ ಮಾಡಿಕೊ, ಅಡ್ಜಸ್ಟ್ ಆಗು ಈ ಮೂರಕ್ಕೂ ಕನ್ನಡ ಪದಗಳಾಗಿಯೇ ಬೇರೆ ಬೇರೆ ನಮೂದು ಬೇಕು. ಮೊದಲನೆಯದಕ್ಕೆ ಕೈಗಡದ ಉದಾಹರಣೆ, ಮೂರನೆಯದಕ್ಕೆ ಊರು ಬದಲಿಸಿದವರದ್ದು ಸಾಕು. ಎರಡನೆಯದಕ್ಕೆ ಕನಿಷ್ಠ ಎರಡು ಅರ್ಥ ಕೊಡಬೇಕು: ಸಮಾನರ ನಡುವೆ ‘ಸರಿದು ಜಾಗ ಕೊಡು’; ಮೇಲಿನವರ ಬಾಯಲ್ಲಿ ‘ಸಹಿಸಿಕೊ’.